ಫ್ರಾಕಿನ ಒಳಮಡಿಕೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೊಸನಗರದ ನಿಲ್ದಾಣದಲ್ಲಿ ತೀರ್ಥಹಳ್ಳಿಯ ಮೊದಲ ಬಸ್ಸು ಹಾರ್ನ್ ಹೊಡೆಯುತ್ತಿದೆ. ಹಿಂದಿನ ಓಣಿಯಲ್ಲಿ ಟೈಲರ್ ಗುತ್ಯಮ್ಮ ಆಗಲೇ ಮಿಷನ್ನಿನ ಮುಂದೆ ಕೂತಿದ್ದಾರೆ. ಕೈಯಲ್ಲಿ ಪುಟ್ಟ ಹುಡುಗಿಯ ಹಳದಿ ಫ್ರಾಕು. ಅದರ ಎರಡೂ ಪಕ್ಕದ ಹೊಲಿಗೆ ಬಿಚ್ಚಿ, ಅದೇ ಬಣ್ಣದ ಬಟ್ಟೆಯ ಪಟ್ಟಿ ಸೇರಿಸಿ, ಹೊರಗೆ ಕಾಣದಂತೆ ಒಳಕ್ಕೆ ಮಡಿಚುತ್ತಿದ್ದಾರೆ.

ಫ್ರಾಕು ಹರಿದಿಲ್ಲ, ಬಿಗಿಯೂ ಆಗಿಲ್ಲವಂತೆ. ಮತ್ತೇಕೆ ಎಂದು ಕೇಳಿದೆ.

"ಹೇಳ್ತೀನಿ, ಮೊದ್ಲು ಟೀ ಕುಡೀರಿ."



ಗುತ್ಯಮ್ಮನ ಹತ್ತಿರ ಸೈನಿಕರ ಮನೆಯ ಬಟ್ಟೆಗಳೇ ಹೆಚ್ಚು. ಸಾಗರ, ಆನಂದಪುರದಿಂದಲೂ ಬರುತ್ತಾರೆ. ಅವರ ಗಂಡನೂ ಮಿಲಿಟರಿಯಲ್ಲಿದ್ದವರು. ರಜೆಗೆ ಬಂದ ಅಪ್ಪನ ಗುರುತು ಸಿಗದೆ ಮಗ ಮಂಚದ ಕೆಳಗೆ ಅಡಗಿದ್ದನ್ನು ಈಗ ನಗುತ್ತ ಹೇಳುತ್ತಾರೆ. ಆಗ ಮಾತ್ರ ನಗು ಬರಲಿಲ್ಲವಂತೆ.

ಗಡಿಯಿಂದ ಅಪ್ಪಂದಿರು ಕಳಿಸುವ ಬಟ್ಟೆ ಮಕ್ಕಳಿಗೆ ಆಗುವುದೇ ಅಪರೂಪ. "ಹೋದ್ ರಜೇಲಿ ನೋಡಿದ್ ಮಗೂನೇ ಕಣ್ಣಲ್ಲಿ ಇರ್ತದೆ ನೋಡಿ. ಅದೇ ಅಳತೇಲಿ ತಗಂತಾರೆ. ಇಲ್ಲಿ ಮಗು ಬೆಳೆದು ನಿಂತಿರ್ತದೆ. ನಾನು ಪಟ್ಟಿ ಕೊಟ್ಟು ದೊಡ್ಡದ್ ಮಾಡ್ತೀನಿ. ಫೋಟೋದಲ್ಲಿ ಸರಿ ಕಂಡ್ರೆ ಅವ್ರಿಗೂ ಸಮಾಧಾನ."

ಮೊನ್ನೆ ಬಂದ ಈ ಫ್ರಾಕು ಮಾತ್ರ ಸಡಿಲವಾಯಿತು. ಹುಡುಗಿ ಮೂರನೇ ಕ್ಲಾಸು. ಕಾವ್ಯಾ ಅಂದುಕೊಳ್ಳಿ, ನಿಜವಾದ ಹೆಸರು ಬೇಡ. ಅಪ್ಪ ರಜೆ ಮುಗಿಸಿ ಗಡಿಗೆ ಹೋಗಿ ವರ್ಷದ ಮೇಲಾಗಿದೆ, ಅವಳು ಎತ್ತರವೂ ಆಗಿದ್ದಾಳೆ, ಸೊಂಟದ ಅಳತೆ ಮಾತ್ರ ಇಳಿದಿದೆ! ತಾಯಿ ಜಂತುಹುಳದ ಔಷಧಿ ಕುಡಿಸಿ ನೋಡಿದ್ದರು. ಗುತ್ಯಮ್ಮನಿಗೆ ಯಾಕೋ ಅನುಮಾನ. ಹುಡುಗಿಯನ್ನು ಪಕ್ಕಕ್ಕೆ ಕರೆದು ಕೇಳಿದರು.

"ಅಪ್ಪ ಬಸ್ ಹತ್ತುವಾಗ ಹೇಳಿದಾರೆ, ನಾನು ಬರೋ ತನ್ಕ ಹಿಂಗೇ ಇರು ಪುಟ್ಟಿ, ದೊಡ್ಡೋಳಾಗ್ಬೇಡ ಅಂತ. ಊಟ ಮಾಡಿದ್ರೆ ದೊಡ್ಡೋಳಾಗ್ತೀನಲ್ಲ ಅಜ್ಜಿ?"

ಶಾಲೆಯ ಬಿಸಿಯೂಟ ಪಕ್ಕದವಳ ತಟ್ಟೆಗೆ, ಮನೆಯ ಅನ್ನ ಅಮ್ಮನ ಕಣ್ಣು ತಪ್ಪಿಸಿ ನಾಯಿಗೆ. ಅಯ್ಯೋ ದೇವರೇ! ಮುದ್ದಿಗೆ ಆಡಿದ ಒಂದು ಮಾತನ್ನು ಆಜ್ಞೆ ಎಂದುಕೊಂಡು ಮಗು ಹೊಟ್ಟೆ ಕಟ್ಟಿಕೊಂಡಿತ್ತು. ಗಡಿಯ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಪತ್ರಿಕೆಯವರು ಈ ತಟ್ಟೆಯ ಕಡೆ ತಿರುಗಿಯೂ ನೋಡಿಲ್ಲ.

ಗುತ್ಯಮ್ಮ ವಿಷಯವನ್ನು ತಾಯಿಗೆ ತಿಳಿಸಿದರು. ಸಂಜೆ ಗಂಡನ ಫೋನು ಬಂದಾಗ ಆಕೆ ಹೇಳಿದರು. ಆತ ಮಗಳಿಗೆ ಫೋನು ಕೊಡಿಸಿ, "ಉಣ್ಣು ಪುಟ್ಟಿ, ಬೇಗ ದೊಡ್ಡೋಳಾಗು" ಅಂದರು. ಅವಳು ಕೇಳಿದ್ದು ಒಂದೇ: "ಹಂಗಾರೆ ಫ್ರಾಕು ಬಿಗಿ ಆಗಲ್ವಾ?"

ಈ ಪಟ್ಟಿ ಅದಕ್ಕೇ. ರೆಡಿಮೇಡ್ ಬಟ್ಟೆಯೊಳಗೆ ಬಿಚ್ಚಿ ದೊಡ್ಡದು ಮಾಡುವಷ್ಟು ಜಾಗ ಇರುವುದಿಲ್ಲ. ಗುತ್ಯಮ್ಮ ಜಾಗ ಮಾಡುತ್ತಿದ್ದಾರೆ.

ಬಿಸಿಲೇರುವ ಹೊತ್ತಿಗೆ ಶಾಲೆಗೆ ಹೊರಟ ಕಾವ್ಯಾ ಒಳಗೆ ಬರುತ್ತಾಳೆ. ಗುತ್ಯಮ್ಮ ಫ್ರಾಕನ್ನು ಉಲ್ಟಾ ಮಾಡಿ ತೋರಿಸುತ್ತಾರೆ. "ನೋಡಿಲ್ಲಿ, ನೀನು ಬೆಳೀತೀಯ ಅಂತ ನಿಮ್ಮಪ್ಪ ಜಾಗ ಬಿಟ್ಟೇ ಕಳ್ಸಿದಾರೆ."

"ಇಷ್ಟು ದಪ್ಪ ಆಗ್ಬಹುದಾ?" ಹುಡುಗಿ ಮಡಿಕೆಯ ಮೇಲೆ ಬೆರಳಾಡಿಸುತ್ತಾಳೆ. ಗುತ್ಯಮ್ಮ ಕೊಟ್ಟ ಕಡುಬನ್ನು ಅರ್ಧ ತಿಂದು, ನಮ್ಮ ಮುಖ ನೋಡಿ, ಉಳಿದರ್ಧವನ್ನೂ ತಿನ್ನುತ್ತಾಳೆ.

ಅವಳು ಹೋದ ಮೇಲೆ ಗುತ್ಯಮ್ಮ ದಾರ ಕಡಿಯುತ್ತಾರೆ. "ನಾನು ಹೊಲ್ದಿದ್ದು ಬಿಗಿ ಆಯ್ತು ಅಂತ ಯಾರಾದ್ರೂ ವಾಪಸ್ ತಂದ್ರೆ ಮೈ ಉರೀತದೆ ಕಣ್ರೀ. ಇದೊಂದು ಮಾತ್ರ ಬಿಗಿ ಆಗಿ ವಾಪಸ್ ಬರ್ಲಿ. ಬೇಗ ಬರ್ಲಿ."