ಕೇಣಿಯ ಹಳದಿ ಮಧ್ಯಾಹ್ನ

ಇಂಥದೊಂದು ಬರಹ ನಾನು ಬರೆಯುತ್ತೇನೆಂದು ಯಾರಾದರೂ ಮೊದಲೇ ಹೇಳಿದ್ದರೆ, ಅವರನ್ನು ಕೂರಿಸಿ ಬಿಪಿ ನೋಡಿ, ಯಾವ ಮಾತ್ರೆ ತಪ್ಪಿಸಿದ್ದೀರಿ ಎಂದು ವಿಚಾರಿಸುತ್ತಿದ್ದೆ. ದೆವ್ವ, ಶಕುನ, ಕನಸಿನಲ್ಲಿ ಬಂದು ಎಚ್ಚರಿಸುವ ಹಿರಿಯರು, ಇವನ್ನೆಲ್ಲ ನಂಬಿದವಳಲ್ಲ ನಾನು. ಅಂಕೋಲೆಯ ತವರುಮನೆಯಲ್ಲಿ ಅಮ್ಮ ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಾಗಲೆಲ್ಲ, ದೃಷ್ಟಿ ಹೋಗುತ್ತದೋ ಇಲ್ಲವೋ ಗೊತ್ತಿಲ್ಲ, ನಮ್ಮ ಶ್ವಾಸಕೋಶವಂತೂ ಹೋಗುತ್ತದೆ ಎಂದು ಕೆಮ್ಮುತ್ತಲೇ ಜಗಳ ತೆಗೆದವಳು. ಈಗ ನಂಬಲು ಶುರುಮಾಡಿದ್ದೇನೆಂದೂ ಅಲ್ಲ. ಆದರೆ ಕೆಲವು ವರ್ಷಗಳ ಹಿಂದಿನ ಒಂದು ಶನಿವಾರವನ್ನು ಏನೆಂದು ತಿಳಿಯಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ. ಇಂಥ ಸಂಗತಿಗಳು ನಡುರಾತ್ರಿ, ಹುಣಸೆಮರದ ಕೆಳಗೆ ನಡೆಯಬೇಕೆಂಬ ವಾಡಿಕೆ ಇದೆ. ನನಗಾದದ್ದು ಮಟಮಟ ಮಧ್ಯಾಹ್ನ, ಕಾರವಾರದಿಂದ ಅಂಕೋಲೆಗೆ ಹೋಗುವ ಬಸ್ಸಿನಲ್ಲಿ.

ನಾನು ಕಾರವಾರದಲ್ಲಿ ಮಾಜಿ ಸೈನಿಕರಿಗಾಗಿಯೇ ಇರುವ ಒಂದು ಚಿಕಿತ್ಸಾಲಯದಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್. ಮಾತ್ರೆ ಎಣಿಸಿ ಕೊಡುವ ಕೆಲಸ ಎಂದು ನನ್ನ ಗಂಡನ ಮನೆಯವರು ಬಹಳ ದಿನ ತಿಳಿದಿದ್ದರು. ಅದಲ್ಲ. ಬಿಪಿಗೆ ಒಬ್ಬ ಡಾಕ್ಟರು, ಸಕ್ಕರೆಗೆ ಇನ್ನೊಬ್ಬರು, ಮೊಣಕಾಲಿಗೆ ಮತ್ತೊಬ್ಬರು ಬರೆದುಕೊಟ್ಟ ಮಾತ್ರೆಗಳೆಲ್ಲ ಒಂದೇ ಹೊಟ್ಟೆಗೆ ಹೋಗಿ ಒಳಗೆ ಮಾರಾಮಾರಿ ಮಾಡಿಕೊಳ್ಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಬಂದವರ ಚೀಲವನ್ನು ಮೇಜಿನ ಮೇಲೆ ಸುರಿಸಿ, ಯಾವುದು ಬೇಕು, ಯಾವುದು ಬೇಡ, ಯಾವುದರ ಪ್ರಮಾಣ ಇಳಿಸಬೇಕು ಎಂದು ನೋಡಿ ಡಾಕ್ಟರಿಗೆ ಹೇಳುತ್ತೇನೆ.

ನನ್ನ ಮುದುಕರೆಂದರೆ ನನಗೆ ಪ್ರಾಣ. ಇಬ್ಬರೇ ಇದ್ದರೂ ಸಾಲಿನಲ್ಲಿ ನಿಲ್ಲುವವರು ಅವರು. ಬೇರೆ ಕಡೆ ರೋಗಿಗಳು ಮಾತ್ರೆ ಮರೆಯುತ್ತಾರೆಂದು ಡಾಕ್ಟರುಗಳು ತಲೆ ಚಚ್ಚಿಕೊಂಡರೆ, ನಮ್ಮಲ್ಲಿ ತೊಂದರೆ ಉಲ್ಟಾ. ಇವರು ಮರೆಯುವುದೇ ಇಲ್ಲ. ಒಮ್ಮೆ ತೆಗೆದುಕೋ ಎಂದರೆ ಮುಗಿಯಿತು, ಬೆಳಗಿನ ಪರೇಡಿನಂತೆ ನಡೆಯುತ್ತಲೇ ಇರುತ್ತದೆ.

ಅಂಕೋಲೆ ಹತ್ತಿರದ ಕಡಲದಂಡೆಯ ಊರು ಕೇಣಿಯ ಹವಾಲ್ದಾರ್ ಬೊಮ್ಮಯ್ಯ ನಾಯಕರು ಅಂಥವರಲ್ಲೇ ಒಂದು ಕೈ ಮೇಲು. ಹೃದಯ ಸ್ವಲ್ಪ ದಣಿದಿತ್ತು. ಅದಕ್ಕೆ ನಮ್ಮ ಡಾಕ್ಟರು ಡಿಗಾಕ್ಸಿನ್ ಎಂಬ ಮಾತ್ರೆ ಕೊಡುತ್ತಿದ್ದರು. ಹಳೆಯ ಮಾತ್ರೆ, ಒಳ್ಳೆಯ ಮಾತ್ರೆ, ಆದರೆ ತಕ್ಕಷ್ಟೇ ಇರಬೇಕು. ಸಾರಿಗೆ ಉಪ್ಪಿದ್ದ ಹಾಗೆ, ಒಂದು ಚಿಟಿಕೆ ಹೆಚ್ಚಾದರೂ ಕೆಡುತ್ತದೆ. ಆ ತಿಂಗಳು ಅವರು ತಾವೇ ಬರದೆ ನೆರೆಮನೆಯವರನ್ನು ಕಳಿಸಿ ಮಾತ್ರೆ ತರಿಸಿಕೊಂಡಿದ್ದರು. ಏನೋ ಕೆಲಸವಿರಬೇಕೆಂದು ನಾನು ತಲೆ ಕೆಡಿಸಿಕೊಂಡಿರಲಿಲ್ಲ.

ಶನಿವಾರ ನಮಗೆ ಅರ್ಧ ದಿನ. ಅಮ್ಮನ ಮನೆಗೆ ಹೊರಟವಳು ಬಸ್‌ಸ್ಟ್ಯಾಂಡಿನಲ್ಲಿ ಬಿಸಿ ಬನ್ಸ್ ಕಟ್ಟಿಸಿಕೊಂಡು ಕಿಟಕಿ ಪಕ್ಕ ಕೂತೆ. ಬಿಣಗಾ ದಾಟುವಾಗ ಸಮುದ್ರ ಕಂಡಿತು. ಅದು ಹಳದಿಯಾಗಿತ್ತು, ಅರಿಶಿನ ಕದಡಿದ ನೀರಿನ ಹಾಗೆ. ಕಿಟಕಿ ಗಾಜಿಗೆ ಧೂಳು ಹಿಡಿದಿರಬೇಕೆಂದು ಗಾಜು ಸರಿಸಿದೆ. ಆಗಲೂ ಹಳದಿಯೇ. ಮುಂದಿನ ಸೀಟಿನವರ ಬಿಳಿ ಅಂಗಿ ಹಳದಿ, ನನ್ನ ಕೈಯ ಕರವಸ್ತ್ರ ಹಳದಿ. ಕಣ್ಣುಜ್ಜಿಕೊಂಡೆ, ನೀರು ಚಿಮುಕಿಸಿಕೊಂಡೆ, ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಏನೂ ಬದಲಾಗಲಿಲ್ಲ. ಹೊಟ್ಟೆಗೆ ಏನಾದರೂ ಬಿದ್ದರೆ ಸರಿಹೋದೀತೆಂದು ಬನ್ಸ್ ಬಿಚ್ಚಿದರೆ ವಾಸನೆಗೇ ವಾಕರಿಕೆ ಬಂತು. ಬನ್ಸ್ ಬೇಡ ಅಂದದ್ದು ನನ್ನ ಜನ್ಮದಲ್ಲೇ ಇಲ್ಲ. ಪಕ್ಕದಲ್ಲಿದ್ದ ಹೆಂಗಸು ಮೀನಿನ ಬುಟ್ಟಿ ಸರಿಸಿಕೊಂಡು, "ಬಸ್ಸಾಗೂದಿಲ್ವೇನೆ ತಂಗಿ?" ಎಂದು ನಿಂಬೆಹಣ್ಣು ಕೊಟ್ಟಳು. ಆ ನಿಂಬೆಹಣ್ಣೊಂದೇ ನೋಡಲು ಸರಿಯಾಗಿತ್ತು.

ಅಭ್ಯಾಸಬಲದಿಂದ ನನ್ನ ನಾಡಿ ನಾನೇ ಹಿಡಿದೆ. ನನ್ನ ವಯಸ್ಸಿಗೆ ಸಲ್ಲದಷ್ಟು ನಿಧಾನವಾಗಿತ್ತು, ಏರು ಹತ್ತುವ ಹಳೆ ಎತ್ತಿನ ಹಾಗೆ ನಿಂತು ನಿಂತು ಹೋಗುತ್ತಿತ್ತು. ಆಗ ನಿಜಕ್ಕೂ ಹೆದರಿದೆ. ಏಕೆಂದರೆ ಹಳದಿ ಕಾಣುವುದು, ಊಟ ಸೇರದಿರುವುದು, ನಾಡಿ ಇಳಿಯುವುದು, ಈ ಮೂರೂ ಒಟ್ಟಿಗೆ ಬಂದರೆ ಅದೇನೆಂದು ನಮಗೆ ಕಾಲೇಜಿನಲ್ಲಿ ಕಲಿಸಿದ್ದರು. ಡಿಗಾಕ್ಸಿನ್ ಮೈಯಲ್ಲಿ ಮಿತಿಮೀರಿದಾಗ ಹಾಗಾಗುತ್ತದೆ. ನಾನು ಆ ಮಾತ್ರೆಯನ್ನು ಯಾವತ್ತೂ ಬಾಯಿಗಿಟ್ಟವಳಲ್ಲ.

ಮುಂದೆ ಬಂದ ಯೋಚನೆಯನ್ನು ಬರೆಯಲು ಸಂಕೋಚವಾಗುತ್ತದೆ, ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಇದು ನನ್ನದಲ್ಲ ಎನಿಸಿತು. ಬೇರೆಯವರ ಕನ್ನಡಕವನ್ನು ತಪ್ಪಿ ಹಾಕಿಕೊಂಡಾಗ ಅನಿಸುತ್ತದಲ್ಲ, ಹಾಗೆ. ಯಾರದ್ದು ಎಂದು ಕೇಳಿಕೊಂಡೆ. ಅಂಕೋಲೆಯ ಕಡೆ ನಮ್ಮಲ್ಲಿ ಆ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಒಬ್ಬರೇ. ಅವರ್ಸಾ ದಾಟುವ ಹೊತ್ತಿಗೆ ನಿರ್ಧಾರವಾಗಿತ್ತು. ಅಂಕೋಲೆಯಲ್ಲಿ ಇಳಿದವಳು ಅಮ್ಮನಿಗೆ ತಡವಾಗುತ್ತದೆಂದು ಫೋನು ಮಾಡಿ, ಕೇಣಿಗೆ ಆಟೋ ಹತ್ತಿದೆ. ಏಕೆ ಬಂದಿರಿ ಎಂದು ಹವಾಲ್ದಾರರ ಮನೆಯವರು ಕೇಳಿದರೆ ಏನು ಹೇಳುವುದೆಂದು ದಾರಿಯುದ್ದಕ್ಕೂ ಯೋಚಿಸಿದೆ.

ಅವರ ಅಂಗಳಕ್ಕೆ ಕಾಲಿಟ್ಟೆ. ಹಗ್ಗದ ಮೇಲೆ ಒಣಹಾಕಿದ್ದ ಪಂಚೆ ಅಚ್ಚ ಬಿಳಿಯಾಗಿ ಕಂಡಿತು. ಆಕಾಶ ಆಕಾಶದ ಬಣ್ಣದಲ್ಲಿತ್ತು. ವಾಕರಿಕೆಯೂ ನಿಂತಿತ್ತು. ಇಷ್ಟು ದೂರ ಬಂದು ಮೂರ್ಖಳಾದೆನೆಂದುಕೊಂಡು ಇನ್ನೇನು ಹಿಂದಿರುಗಬೇಕು, ಅಷ್ಟರಲ್ಲಿ ಹವಾಲ್ದಾರರ ಹೆಂಡತಿ ದೇವಕ್ಕ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡರು.

"ದೇವ್ರು ಕಳ್ಸಿದಾಂಗೆ ಬಂದೆ ತಂಗಿ. ಇವ್ರಿಗೆ ಕಾಮಾಲೆ ಆಗದೆ. ಊಟ ಸೇರೂದಿಲ್ಲ, ಮೇಲೇಳುಕೂ ಆಗೂದಿಲ್ಲ. ಕಂಡದ್ದೆಲ್ಲ ಹಳದಿ ಅಂತ್ರು."

ಹವಾಲ್ದಾರರು ಜಗಲಿಯ ಮಂಚದಲ್ಲಿ ಮಲಗಿದ್ದರು, ಮಲಗಿದಾಗಲೂ ಕಾಲು ಜೋಡಿಸಿಕೊಂಡೇ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ನಂಬಿ ಮನೆಯವರು ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕುಡಿಸುತ್ತಿದ್ದರು. ಪಥ್ಯವೆಂದು ಮೀನನ್ನೂ ನಿಲ್ಲಿಸಿದ್ದರು. ಕೇಣಿಯ ಮನೆಯಲ್ಲಿ ಮೀನು ನಿಂತಿದೆಯೆಂದರೆ ಪರಿಸ್ಥಿತಿ ಎಂಥದ್ದೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಅನ್ನುತ್ತಾರೆ. ಈ ಗಾದೆಯಂತೂ ಸುಳ್ಳು. ಕಾಮಾಲೆಯಾದವರ ಕಣ್ಣು ನಮಗೆ ಹಳದಿ ಕಾಣುತ್ತದೆಯೇ ಹೊರತು ಅವರಿಗೆ ಲೋಕ ಹಳದಿ ಕಾಣುವುದಿಲ್ಲ. ರೆಪ್ಪೆ ಬಿಡಿಸಿ ನೋಡಿದೆ. ಬಿಳಿಗುಡ್ಡೆ ಬೆಳ್ಳಗೇ ಇತ್ತು. ನಾಡಿ ಹಿಡಿದೆ. ಬಸ್ಸಿನಲ್ಲಿ ನನ್ನ ಮುಂಗೈಯಲ್ಲಿ ಹೊಡೆದದ್ದೇ ಅದು, ಅದೇ ನಿಂತು ನಿಂತು ಹೋಗುವ ನಡಿಗೆ.

ಮೊದಲು ಆಂಬುಲೆನ್ಸಿಗೆ ಹೇಳಿದೆ. ಆಮೇಲೆ ಚೀಲ ತರಿಸಿ ಸುರಿಸಿದೆ. ನಾವು ಕೊಟ್ಟ ಮಾತ್ರೆಗಳೇ, ಲೆಕ್ಕ ಸರಿಯಾಗಿತ್ತು. "ಇದಲ್ಲದೆ ಬೇರೆ ಏನು ತಗೊಳ್ತೀರಿ ಸಾಹೇಬ್ರೆ?" ಎಂದೆ. ಅವರು ಗೋಡೆ ನೋಡಿದರು. ಮತ್ತೆ ಕೇಳಿದೆ. ಕೊನೆಗೆ ಮಂಚದಡಿಯ ಕಪ್ಪು ಟ್ರಂಕಿನ ಕಡೆ ಬೆರಳು ತೋರಿಸಿದರು. ಅದರೊಳಗೆ ಬೇರೆ ಕಂಪನಿಯ, ಬೇರೆ ಹೆಸರಿನ, ಬೇರೆ ಬಣ್ಣದ ಮಾತ್ರೆ ಹಾಳೆಗಳಿದ್ದವು. ಹೆಸರು ಬೇರೆ, ಒಳಗಿನ ಮದ್ದು ಅದೇ. ತಪಾಸಣೆಗೆಂದು ದೂರದ ಸೈನಿಕ ಆಸ್ಪತ್ರೆಗೆ ಹೋಗಿದ್ದಾಗ ಅಲ್ಲಿಯ ಕರ್ನಲ್ ಡಾಕ್ಟರು ಕೊಟ್ಟದ್ದಂತೆ. ಇವರು ಎರಡನ್ನೂ ತಪ್ಪದೆ ನುಂಗುತ್ತಿದ್ದರು.

ಇನ್ನು ಮುಂದೆ ಇದನ್ನು ಮುಟ್ಟಬೇಡಿ ಎಂದೆ. ಅವರು ಕ್ಷೀಣ ದನಿಯಲ್ಲಿ, ಆದರೆ ಗಟ್ಟಿಯಾಗಿ ಹೇಳಿದರು: "ಆಸ್ಪತ್ರೆಗೆ ಬರ್ತೆ ಮೇಡಮ್. ಆದ್ರೆ ಆ ಮಾತ್ರೆ ಕಿಸೇಲಿ ಇರ್ಲಿ. ಸಂಜೆಗೆ ತಗೊಳ್ಳುಕೆ ಬೇಕು. ಕರ್ನಲ್ ಸಾಬ್ರ ಆರ್ಡರ್ ಅದು. ನಿಲ್ಸು ಅಂತ ಅವ್ರು ಹೇಳಲಿಲ್ಲ."

"ನಾನು ಹೇಳ್ತಿದ್ದೇನಲ್ಲ."

"ನೀವು ಸಿವಿಲಿಯನ್ ಮೇಡಮ್. ಬೇಜಾರು ಮಾಡ್ಕಣಬೇಡಿ."

ಪ್ರಾಣ ಹೋಗುತ್ತಿರುವವರ ಮೇಲೆ ಸಿಟ್ಟು ಮಾಡಬಾರದು, ಆದರೆ ಬಂತು. ನಮ್ಮ ಚಿಕಿತ್ಸಾಲಯದ ಮುಖ್ಯಸ್ಥರು ನೌಕಾಪಡೆಯ ನಿವೃತ್ತ ಕಮಾಂಡರ್. ಅವರಿಗೆ ಫೋನು ಹಚ್ಚಿ ಹವಾಲ್ದಾರರ ಕಿವಿಗಿಟ್ಟೆ. ಇವರು ವಿನಯದಿಂದ ಎಲ್ಲ ಕೇಳಿಸಿಕೊಂಡು ಫೋನು ನನಗೆ ಮರಳಿಸಿ, "ನೇವಿಯ ಕಮಾಂಡರ್ ಅಂದ್ರೆ ನಮ್ಮ ಲೆಫ್ಟಿನೆಂಟ್ ಕರ್ನಲ್ಲಿಗೆ ಸಮ. ಒಂದು ರ್‍ಯಾಂಕ್ ಕಮ್ಮಿ ಆಗ್ತದೆ ಮೇಡಮ್," ಎಂದರು. ನಾಡಿ ನಿಲ್ಲುವಂತಿದ್ದರೂ ಆ ಲೆಕ್ಕದಲ್ಲಿ ತಪ್ಪಿರಲಿಲ್ಲ. ಫೋನಿನಲ್ಲಿ ಕಮಾಂಡರ್ ಸಾಹೇಬರು, ತಡೆಯಿರಿ, ರ್‍ಯಾಂಕ್ ಇರುವವರಿಂದಲೇ ಹೇಳಿಸುತ್ತೇನೆ ಎಂದರು.

ಸದಾಶಿವಗಡದಲ್ಲಿ ಮನೆ ಕಟ್ಟಿಕೊಂಡಿರುವ ನಿವೃತ್ತ ಬ್ರಿಗೇಡಿಯರ್ ಒಬ್ಬರಿದ್ದಾರೆ, ಕರ್ನಲ್ಲಿಗಿಂತ ಮೇಲಿನವರು. ಅವರಿಗೂ ಬಿಪಿ ಮಾತ್ರೆ ಕೊಡುವವಳು ನಾನೇ. ಅವರಿಂದ ಫೋನು ಬಂತು. ಸ್ಪೀಕರಿಗೆ ಹಾಕಿದೆ. ಹಿಂದಿಯಲ್ಲಿ ಎರಡೇ ಮಾತು, ಟ್ರಂಕಿನ ಮದ್ದು ನಿಲ್ಲಿಸು, ಮೇಡಮ್ಮಿಗೆ ಒಪ್ಪಿಸು ಎಂದು. "ಹವಾಲ್ದಾರ್ ಬೊಮ್ಮಯ್ಯ, ಟ್ರಂಕ್ ವಾಲೀ ದವಾ ಬಂದ್. ಮೇಡಮ್ ಕೋ ಸೌಂಪ್ ದೋ."

ತಲೆಯೆತ್ತಲಾಗದೆ ಬಿದ್ದಿದ್ದವರು ಮೊಣಕೈಯೂರಿ ಎದ್ದು ಕೂತರು. "ಜೀ ಸಾಬ್" ಎಂದರು. ಮಾತ್ರೆ ಹಾಳೆಗಳನ್ನು ಒಂದೂ ಬಿಡದೆ ನನ್ನ ಅಂಗೈಗೆ ಹಾಕಿದರು. ದೇವಕ್ಕ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಲೇ ನಕ್ಕರು. ನಾನೂ ನಕ್ಕೆ. ಯುದ್ಧ ಗೆದ್ದವರಿಗೆ ಹೇಗಿರುತ್ತದೋ ಗೊತ್ತಿಲ್ಲ, ನನಗಂತೂ ಆ ಜಗಲಿಯಲ್ಲಿ ಹಾಗೇ ಆಗಿತ್ತು.

ಆಂಬುಲೆನ್ಸ್ ಬಂತು. ಆಸ್ಪತ್ರೆಯವರು ಎದೆಗೆ ಇಸಿಜಿ ತಂತಿ ಹಚ್ಚಿ ಕಾದರು. ಸಂಜೆಯ ಮಾತ್ರೆಯೊಂದು ಒಳಗೆ ಹೋಗಿದ್ದರೆ ಬೆಳಗು ಕಾಣುತ್ತಿರಲಿಲ್ಲ ಎಂದು ಅಲ್ಲಿಯ ಡಾಕ್ಟರು ನನಗೇ ಹೇಳಿದರು. ಮೈಯಿಂದ ಮದ್ದು ಇಳಿಯುತ್ತ ಬಂದಂತೆ ಹವಾಲ್ದಾರರು ಗಂಜಿ ಕೇಳಿದರು, ಆಮೇಲೆ ಮೀನು ಸಾರು ಕೇಳಿದರು. ಮೀನು ಸಾರಿನ ಸುದ್ದಿ ಕೇಳಿದ ಮೇಲೆಯೇ ನನಗೆ ಸಮಾಧಾನವಾದದ್ದು. ಚಿಕಿತ್ಸಾಲಯದಲ್ಲಿ ಎಲ್ಲರೂ ಹೊಗಳಿದರು. ಕಣ್ಣಾರೆ ನೋಡದೆ ಕಾಯಿಲೆ ಪತ್ತೆ ಹಚ್ಚಿದಿರಲ್ಲ, ಹೇಗೆ ಎಂದು ಕೇಳಿದರು. ಬಸ್ಸಿನಲ್ಲಾದದ್ದನ್ನು ನಮ್ಮ ಡಾಕ್ಟರಿಗೂ ನನ್ನ ಗಂಡನಿಗೂ ಬಿಟ್ಟು ಯಾರಿಗೂ ಹೇಳಲಿಲ್ಲ.

ಕಣ್ಣು ತೋರಿಸಿಕೊಂಡೆ, ರಕ್ತ ಕೊಟ್ಟೆ, ಇಸಿಜಿ ಮಾಡಿಸಿದೆ. ಏನೂ ಇರಲಿಲ್ಲ. ಹವಾಲ್ದಾರರು ಆ ತಿಂಗಳು ಬಾರದಿದ್ದದ್ದು ಮನಸ್ಸಿನ ಮೂಲೆಯಲ್ಲಿ ಕೊರೆಯುತ್ತಿರಬೇಕು, ಅದೇ ಹೀಗೆ ಕಂಡಿತು ಎಂದು ಡಾಕ್ಟರು ಹೇಳಿದರು. ಇರಬಹುದು. ಆದರೆ ಟ್ರಂಕಿನ ವಿಷಯ ನನ್ನ ಮನಸ್ಸಿನ ಯಾವ ಮೂಲೆಗೂ ಗೊತ್ತಿರಲಿಲ್ಲ. ನಿನಗೆ ಹಸಿವಾಗಿತ್ತು ಎಂದು ಗಂಡ ಹೇಳಿದರು. ಅವರ ಪ್ರಕಾರ ನನ್ನ ಎಲ್ಲ ತೊಂದರೆಗೂ ಅದೇ ಕಾರಣ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಹವಾಲ್ದಾರರು ತಾವೇ ಬಸ್ಸು ಹತ್ತಿ ಕಾರವಾರಕ್ಕೆ ಬಂದರು. ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿ, ಎದೆ ಸೆಟೆದು, ಸಾಲಿನಲ್ಲಿ ನಿಂತರು. ನಾಡಿ ನೋಡಿದೆ, ಚೆನ್ನಾಗಿ ಹೆಜ್ಜೆ ಹಾಕುತ್ತಿತ್ತು. ಚೀಲ ಸುರಿಸಿ ನೋಡಿದೆ, ಎಲ್ಲ ಸರಿಯಿತ್ತು. ಹೋಗಿ ಬನ್ನಿ ಎಂದರೂ ಅವರು ಏಳಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಒಂದು ಮಾತು ಕೇಳ್ಬೇಕಿತ್ತು ಮೇಡಮ್. ಅವತ್ತು ಮಧ್ಯಾಹ್ನ ನೀವು ಬರೂಕಿಂತ ಮೊದ್ಲು, ಮಲಗ್ದಲ್ಲೇ ಹೊರಗೆ ನೋಡ್ದೆ. ಸಮುದ್ರ ನೀಲಿ ಕಂಡ್ತು. ಎಷ್ಟೋ ದಿವಸದ ಮೇಲೆ. ಪಂಚೆ ಬೆಳ್ಳಗೆ, ತೆಂಗು ಹಸ್ರು. ಎದೆನೂ ಹಗುರಾಯ್ತು. ಪಹರೆ ಬದ್ಲಿಗೆ ಯಾರೋ ಬಂದು, ನೀ ಹೋಗಿ ಸ್ವಲ್ಪ ಮಲ್ಗು, ನಾ ನಿಲ್ತೆ ಅಂದಾಂಗೆ. ನೀವು ಅಂಗಳಕ್ಕೆ ಕಾಲಿಟ್ರಿ, ಮತ್ತೆ ಎಲ್ಲಾ ಹಳದಿ ಆಯ್ತು."

ಬಸ್ಸಿನ ವಿಷಯ ನಾನು ಅವರಿಗೆ ಹೇಳಿರಲಿಲ್ಲ. ಅವರ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಅದು ಯಾವ ಮಾತ್ರೆ ಗುಣ ಮೇಡಮ್?" ಎಂದು ಕೇಳಿದರು.

ಮಾತ್ರೆಗಳ ಬಗ್ಗೆ ನನ್ನನ್ನು ಯಾರು ಏನು ಕೇಳಿದರೂ ಉತ್ತರವಿಲ್ಲವೆಂದು ಕಳಿಸಿದವಳಲ್ಲ ನಾನು. ಆ ದಿನ ಅವರ ಮುಂಗೈ ಹಿಡಿದುಕೊಂಡು, ಆಗಲೇ ಎಣಿಸಿ ಮುಗಿಸಿದ್ದ ನಾಡಿಯನ್ನು ಮತ್ತೆ ಮೊದಲಿಂದ ಎಣಿಸತೊಡಗಿದೆ.