ಕಣ್ಣಿನ ಶಿಬಿರದ ಡ್ರಿಲ್ ಮಾಸ್ತರರು

ಅವರ ಬಿಳಿ ಕ್ಯಾನ್ವಾಸ್ ಬೂಟುಗಳಲ್ಲಿ ಬಲಗಾಲಿನದು ಯಾವಾಗಲೂ ಮೊದಲು ಸವೆಯುತ್ತಿತ್ತು. ನಿಂತಲ್ಲೇ ಬಲಗಾಲು ಕುಣಿಯುತ್ತಿರಬೇಕು, ಇಲ್ಲದಿದ್ದರೆ ಅವರಿಗೆ ಉಸಿರಾಡಲು ಬರುತ್ತಿರಲಿಲ್ಲವೋ ಏನೋ. ಮೊರಬದ ಶಾಲೆಯಲ್ಲಿ ನಾನು ಕನ್ನಡ ಕಲಿಸುವ ಬಾಯಾರು, ಅವರು ಡ್ರಿಲ್ ಮಾಸ್ತರರು. ಮಾಸ್ತರರ ಕೋಣೆಯಲ್ಲಿ ಅವರಿಗೂ ಒಂದು ಕುರ್ಚಿಯಿತ್ತು. ಅದರ ಮೇಲೆ ಫುಟ್‌ಬಾಲ್ ಕೂತಿರುತ್ತಿತ್ತು, ಅವರಲ್ಲ. ಚಹಾವನ್ನೂ ಅಡ್ಡಾಡುತ್ತಲೇ ಕುಡಿಯುವವರು.

"ಕುಂಡ್ರಿ ಸರ್ರ, ನನಗ ತಲಿ ತಿರಗಾಕತ್ತೈತಿ" ಎಂದು ನಾನು ರೇಗಿದರೆ, "ಕುಂತ್ರ ತುಕ್ಕ ಹಿಡಿತೈತ್ರಿ ಬಾಯಾರ" ಎಂದು ಮತ್ತೊಂದು ಸುತ್ತು ಹೊಡೆಯುತ್ತಿದ್ದರು.

ಇಂಥವರನ್ನು ಯಾರೋ ಪುಣ್ಯಾತ್ಮರು ಕಣ್ಣಿನ ಶಿಬಿರದಲ್ಲಿ ಮುದುಕರು ಅಲುಗಾಡದಂತೆ ಕಾಯಲು ಹಾಕಿದರು! ಎಂಬತ್ತರ ದಶಕದ ಮಾತು. ದೀಪಾವಳಿ ರಜೆಯಲ್ಲಿ ಊರಿನ ತರುಣರು ಹುಬ್ಬಳ್ಳಿಯ ಡಾಕ್ಟರರನ್ನು ಕರೆಸಿ, ಶಾಲೆಯಲ್ಲೇ ಕಣ್ಣಿನ ಪೊರೆ ತೆಗೆಸುವ ವ್ಯವಸ್ಥೆ ಮಾಡಿದ್ದರು. ಬೆಂಚುಗಳು ಹೊರಗೆ ಹೋದವು, ನವಲಗುಂದದ ಜಮಖಾನಗಳು ನೆಲಕ್ಕೆ ಬಂದವು. ಒಂದು ಗೋಡೆಗೆ ಗಂಡಸರು, ಇನ್ನೊಂದಕ್ಕೆ ಹೆಂಗಸರು. ಎಲ್ಲರ ಎರಡೂ ಕಣ್ಣಿಗೆ ಪಟ್ಟಿ, ತಲೆಯ ಆಚೀಚೆ ಮರಳಿನ ಚೀಲ. ಆಗಿನ ಆಪರೇಷನ್ ಈಗಿನಂತಲ್ಲ. ಡಾಕ್ಟರರು ಹೇಳುವವರೆಗೆ ಏಳುವಂತಿಲ್ಲ, ಬಗ್ಗುವಂತಿಲ್ಲ, ಕೆಮ್ಮು ಬಂದರೂ ನುಂಗಿಕೊಳ್ಳಬೇಕು.

ಆ ಸಾಲಿನಲ್ಲಿ ನಮ್ಮ ಅತ್ತೆಯೂ ಇದ್ದರು. ಅವರ ಎಡಗಣ್ಣು ಹಿಂದಿನ ಒಂದು ಶಿಬಿರದಲ್ಲೇ ಹೋಗಿತ್ತು. ಆಪರೇಷನ್ನಿನ ಮರುದಿನ ಯಾರಿಗೂ ಹೇಳದೆ ಎದ್ದು ಕೂತು, ಅಂಗೈಯ ಲಿಂಗದ ಮೇಲೆ ತಲೆ ಬಗ್ಗಿಸಿ ಪೂಜೆ ಮಾಡಿದ್ದರು. ಹೊಲಿಗೆ ಬಿಚ್ಚಿತು. ಉಳಿದದ್ದು ಬಲಗಣ್ಣು ಒಂದೇ. ಇದೂ ಹೋದರೆ ಮುಂದೆ ಬರೀ ಕತ್ತಲೆ. ಆದರೆ ಪೂಜೆಯಾಗದೆ ಹನಿ ನೀರು ಮುಟ್ಟದ ಹೆಂಗಸು, ಈ ಸಲವೂ ಮರುದಿನ ಬೆಳಗ್ಗೆ ಗುಳಿಗೆ ಒಲ್ಲೆ ಎಂದು ಹಟ ಹಿಡಿದರು.

"ಎಬ್ಬಸ ನನ್ನ."

"ಮಲಕೊಂಡ ಮಾಡ್ರಿ ಅತ್ತಿ. ನಡಿತೈತಿ ಅಂತ ಸ್ವಾಮಿಗೋಳ ಹೇಳ್ಯಾರ."

"ನಮ್ಮಾಗ ಸತ್ತವರನ್ನೂ ಕುಂಡ್ರಿಸೇ ಮಣ್ಣ ಮಾಡ್ತಾರ. ಜೀವ ಇದ್ದಾಕಿ ನಾ ಮಲಕೊಂಡು ಪೂಜಿ ಮಾಡ್ಲೇನ?"

ಅವರ ಕೈ ಆಗಲೇ ನೆಲಕ್ಕೆ ಊರಿತ್ತು. ನಾನು ಭುಜ ಒತ್ತಿ ಹಿಡಿದೆ. ಆ ಒಣಕಲು ಮೈಯಲ್ಲಿ ಅಷ್ಟು ಕಸುವು ಎಲ್ಲಿತ್ತೋ! ಸಿಟ್ಟಿನಿಂದಲೋ ಹೆದರಿಕೆಯಿಂದಲೋ ನನಗೆ ಅಳು ಬಂತು. ಅಷ್ಟರಲ್ಲಿ ಆಚೆ ಗೋಡೆಯ ಅಜ್ಜನೊಬ್ಬ "ನಂದೂ ಪೂಜಿ ಆಗಿಲ್ಲೋ" ಎಂದ. ಅವನ ಬಾಜೂದವನೂ ಹೊರಳಿದ. ಇಡೀ ಕೋಣೆ ಎದ್ದು ಕೂರುವ ಹಾಗೆ ಕಂಡಿತು.

ಬಾಗಿಲಲ್ಲಿ ಸೀಟಿ ಕೂಗಿತು.

"ಸಾ...ವಧಾನ್!"

ಎಲ್ಲರೂ ಇದ್ದಲ್ಲೇ ಗಪ್ಪಾದರು. ದಿನಾ ಬೆಳಗ್ಗೆ ಶಾಲೆಯ ಬಯಲಿನಿಂದ ಊರಿಗೆಲ್ಲ ಕೇಳುವ ದನಿ ಅದು.

"ಯಾರೂ ತಲಿ ಎತ್ತಂಗಿಲ್ರಿ! ಎಡಗೈ ಎದಿ ಮ್ಯಾಲೆ. ಬಲಗೈಲೆ ಲಿಂಗ ತಗದು ಅಂಗೈಯಾಗ ಇಟ್ಕೋರಿ. ಇವತ್ತ ಎಲ್ಲಾರದೂ ಕೂಡೇ ಪೂಜಿ."

ಒಂದೊಂದೇ ಎಡಗೈ ಎದೆಗೇರಿತು. ಅತ್ತೆಯದೊಂದು ಬಿಟ್ಟು.

ಮಾಸ್ತರರು ಅವರ ತಲೆಯ ಹತ್ತಿರ ಬಂದು ನಿಂತರು. "ಅವ್ವಾ, ನಿಮ್ಮ ಮಾತ ಕೇಳಿದ್ನಿ. ಸತ್ತವರಿಗೆ ಕಣ್ಣ ಬೇಕಾಗಿಲ್ರಿ. ನಿಮಗ ಬೇಕು. ಇದ ಕಣ್ಣಿಲೆ ನೀವು ಮತ್ತ ಲಿಂಗ ನೋಡೂದೈತಿ." ಆಮೇಲೆ ಒಂದನೇ ಇಯತ್ತೆಯ ಹುಡುಗಿಗೆ ಗದರಿಸಿದಂತೆ, "ಎಡಗೈ!"

ಎಷ್ಟೋ ಹೊತ್ತಿನ ಮೇಲೆ ಅತ್ತೆಯ ಕೈ ನೆಲ ಬಿಟ್ಟು ಎದೆಯ ಮೇಲೆ ಬಂತು.

ಕೋಣೆಯಲ್ಲಿ ತುಟಿಗಳು ಅಲುಗುವ ಸದ್ದಷ್ಟೇ. ನಾನು ಮಾಸ್ತರರ ಬಲಗಾಲು ನೋಡಿದೆ. ಅದು ಕುಣಿಯುತ್ತಿರಲಿಲ್ಲ. ಪೂಜೆ ಮುಗಿಯುವವರೆಗೂ ಅವರು ಹಾಗೇ ನಿಂತಿದ್ದರು, ಹಣೆಯಿಂದ ಬೆವರು ಇಳಿಯುತ್ತಿತ್ತು. "ವಿಶ್ರಾಮ್" ಎಂದು ಮೆಲ್ಲಗೆ ಹೇಳಿದವರೇ ಹೊರಗೆ ಹೋಗಿ ಬಯಲನ್ನು ಒಂದು ಸುತ್ತು ಓಡಿ ಬಂದರು. ಪಟ್ಟಿ ಬಿಚ್ಚುವವರೆಗೂ ದಿನಾ ಇದೇ ನಡೆಯಿತು.

ದಪ್ಪ ಗಾಜಿನ ಚಾಳೀಸು ಬಂದ ದಿನ ಅತ್ತೆ ಮೊದಲು ಅಂಗೈ ನೋಡಿಕೊಂಡರು, ಆಮೇಲೆ ಮಾಸ್ತರರನ್ನು. "ಇಷ್ಟ ಸಣ್ಣಾಂವೇನ ನೀ? ದನಿ ಕೇಳಿ ಪೈಲವಾನ ಅಂದ್ಕೊಂಡಿದ್ದೆ" ಎಂದರು. ಆಮೇಲೂ ಮಾಸ್ತರರು ಬಿಡಲಿಲ್ಲ. ಬೆಳಗ್ಗೆ ಸೈಕಲ್ಲೇರಿ ಶಿಬಿರದ ಮುದುಕರ ಮನೆಮನೆಗೆ ಹೋಗುವುದು, ಕಣ್ಣಿಗೆ ಔಷಧ ಹನಿಸುವುದು, ಕೊಡ ಎತ್ತಿದವರನ್ನು ಬೈಯುವುದು. ಸೈಕಲ್ಲಿನ ಸ್ಟ್ಯಾಂಡ್ ಹಾಕಿದ್ದನ್ನು ಮಾತ್ರ ನಾನು ನೋಡಲಿಲ್ಲ.

ನಿವೃತ್ತಿಗೆ ಮುಂಚೆಯೇ, ಒಂದು ಬೆಳಗ್ಗೆ ಬಯಲಿನಲ್ಲಿ ಮಕ್ಕಳ ಮುಂದೆ ಓಡುತ್ತಿದ್ದವರು ಬಿದ್ದರು. ಮತ್ತೆ ಏಳಲಿಲ್ಲ. ಇದನ್ನು ಬರೆಯುವಾಗ ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ, ಎದ್ದೆದ್ದು ಅಡ್ಡಾಡುತ್ತಿದ್ದೇನೆ.

ಅವರ ಮನೆಯ ಮುಂದೆ ಅವರನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ, ಮಡಚಿದ ಕಾಲು. ಆ ಬಲಗಾಲನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ. ಅತ್ತೆ ಮಾತ್ರ ಜನರನ್ನು ಸರಿಸಿಕೊಂಡು ಹತ್ತಿರ ಹೋದರು. ಚಾಳೀಸು ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಅವರನ್ನು ಬಹಳ ಹೊತ್ತು ನೋಡಿದರು.

"ಕಡೀಕೂ ಕುಂತಿ ನೋಡಪಾ ಮಾಸ್ತರ" ಎಂದರು. "ನನಗ ಅಗದಿ ಸ್ವಚ್ಛ ಕಾಣಾಕತ್ತಿ."