ಭಾವನ ಎಂಟನೆಯ ಪ್ಲೇಟು

ನನ್ನ ಭಾವ ಏಕನಾಥ ನಿಜಾಮನ ರಾಜ್ಯದಲ್ಲಿ ಹುಟ್ಟಿದ, ಹೈದರಾಬಾದ್ ರಾಜ್ಯದಲ್ಲಿ ಶಾಲೆ ಸೇರಿದ, ಐವತ್ತಾರರ ನಂತರ ಮೈಸೂರು ರಾಜ್ಯದಲ್ಲಿ ಮೆಟ್ರಿಕ್ ನಪಾಸಾದ, ಕರ್ನಾಟಕ ರಾಜ್ಯದಲ್ಲಿ ಬಸ್ ಕಂಡಕ್ಟರ್ ಆದ. ಇಷ್ಟೆಲ್ಲ ರಾಜ್ಯ ಸುತ್ತಿದರೂ ಹುಮನಾಬಾದಿನ ತನ್ನ ಓಣಿ ಬಿಟ್ಟು ಮಾತ್ರ ಕದಲಲಿಲ್ಲ. ಎದುರಿಗೆ ನಾನು ಅವನಿಗೆ ‘ರೀ’ ಹಚ್ಚಿಯೇ ಮಾತಾಡುವುದು. ಬರೆಯುವಾಗ ನನ್ನ ಇಷ್ಟ.

ನಾನು ಮಚ್ಚೇಂದ್ರ. ಬಸವಕಲ್ಯಾಣದಲ್ಲಿ ಭಾಂಡೆ ಅಂಗಡಿ ಇಟ್ಟವನು. ಕೊಂಡ ಪಾತ್ರೆಯ ಮೇಲೆ ಹೆಸರು ಹಾಕಿಕೊಡುವುದು ನನ್ನ ಕೆಲಸ. ಮೊದಲು ಉಳಿ, ಸುತ್ತಿಗೆ ಹಿಡಿದು ಚುಕ್ಕಿ ಚುಕ್ಕಿಯಾಗಿ ಕುಟ್ಟುತ್ತಿದ್ದೆ. ಆಮೇಲೆ ಕರೆಂಟಿನ ಮಷೀನು ಬಂತು. ಎಪ್ಪತ್ತನಾಲ್ಕರಲ್ಲಿ ನನ್ನ ಅಕ್ಕ ಗಿರಿಜಾಬಾಯಿಯನ್ನು ಏಕನಾಥನಿಗೆ ಕೊಟ್ಟಾಗ ಮದುವೆಯ ಪಾತ್ರೆಗಳಿಗೆಲ್ಲ ನಾನೇ ಹೆಸರು ಹಾಕಿದೆ. ನಮ್ಮ ಮನೆಯ ರೂಢಿಯಂತೆ ಎಲ್ಲದರ ಮೇಲೂ ಅಳಿಯನ ಹೆಸರು.

ಮದುವೆಯಾಗದ ಹೊರತು ಹುಚ್ಚು ಬಿಡದು ಎನ್ನುತ್ತಾರೆ. ನನ್ನ ಭಾವನಿಗೆ ಮದುವೆಯಾದ ಮೂರು ವರ್ಷಕ್ಕೆ ಹುಚ್ಚು ಹಿಡಿಯಿತು. ಇದಕ್ಕೆ ಏನು ಮಾಡಬೇಕೆಂದು ಗಾದೆ ಕಟ್ಟಿದವರು ಹೇಳಿಲ್ಲ.

ಆದದ್ದಿಷ್ಟು. ಹೈದರಾಬಾದ್ ರೂಟಿಗೆ ಹೋದಾಗ ಅಲ್ಲಿನ ಹಳೇ ಸಾಮಾನಿನ ಬಜಾರಿನಲ್ಲಿ ಯಾರೋ ಗ್ರಾಮಫೋನಿಗೆ ಒಂದು ಫಾರಿನ್ ಪ್ಲೇಟು ಹಚ್ಚಿದ್ದರಂತೆ. ಗಿಟಾರು ಗರ್ಜಿಸುವ, ಡ್ರಮ್ಮು ಒದರುವ ಹಾಡು. ಭಾವ ಅಲ್ಲೇ ಕಾಲು ಕೀಲಿಸಿದಂತೆ ನಿಂತ. ಮನೆಗೆ ಬಂದು ಹೇಳಿದ: “ನಮ್ಮ ಬಸ್ಸು ಘಾಟ್ ಏರಾಗ ಹ್ಯಾಂಗ ಒದರ್ತದ, ಥೇಟ್ ಹಂಗ! ಇದಕ್ಕ ಹೆವಿ ಮೆಟಲ್ ಅಂತಾರ, ಮಚ್ಚೇಂದ್ರ.” ನಾನು ಹಿತ್ತಾಳೆ, ತಾಮ್ರ, ಸ್ಟೀಲು ಮೂರನ್ನೂ ಮಾರುತ್ತೇನೆ. ಯಾವ ಲೋಹವೂ ಹೀಗೆ ಕಿರುಚಿದ್ದನ್ನು ಕೇಳಿರಲಿಲ್ಲ. ದಿನವಿಡೀ ಬಸ್ಸಿನ ಗಲಾಟೆ ಕೇಳಿ ಬಂದವನು ಸಂಬಳ ಕೊಟ್ಟು ಅದೇ ಗಲಾಟೆಯನ್ನು ಮನೆಗೆ ತಂದ.

ಅದು ಆ ಹಾಡು ಹಾಡಿದ ಮೇಳದವರ ಮೊಟ್ಟಮೊದಲ ಪ್ಲೇಟು. ಹೊದಿಕೆಯ ರಟ್ಟಿನ ಮೇಲೆ ಸುಟ್ಟ ಗಿಡ, ಅದರಡಿ ಒಂದು ಕರಿ ಟಗರು. ಓಣಿಯವರು ‘ಟಗರಿನ ಪ್ಲೇಟು’ ಎಂದರು. ಒಂದು ತಂದಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ಮರುವರ್ಷ ಅದೇ ಟಗರು ಇನ್ನೊಂದು ಬಂತು. ಆಮೇಲೆ ಮೂರನೆಯದು. ಎಂಬತ್ತೈದರ ಹೊತ್ತಿಗೆ ಕಪಾಟಿನಲ್ಲಿ ಏಳು ಟಗರು ನಿಂತಿದ್ದವು.

“ಏಳೂ ಒಂದೇ ಹಾಡಲ್ಲೇನ್ರಿ?” ಎಂದು ಅಕ್ಕ ಕೇಳಿದಳು.

“ಹಾಡು ಒಂದೇ, ಪ್ಲೇಟು ಬ್ಯಾರೆ. ಮೊದಲನೇ ಅಚ್ಚಿನದು ಅಂತ ಒಂದು ಇರ್ತದ. ಅದೇ ಅಸಲಿ. ಅದು ಇನ್ನಾ ಸಿಕ್ಕಿಲ್ಲ.”

“ಹಂಗಾದ್ರ ಏಳು ಹೆಂಡ್ರನ್ನೂ ಮಾಡ್ಕೋರಿ. ಅಡಗಿ ಒಂದೇ, ಹೆಂಡ್ರು ಬ್ಯಾರೆ.”

ಅಸಲಿಯನ್ನು ಗುರುತಿಸುವುದು ಹೇಗೆಂದು ನಾನೂ ಒಮ್ಮೆ ಕೇಳಿದ್ದೆ. “ನಿನಗ ತಿಳಿಯಂಗಿಲ್ಲ ಬಿಡು,” ಎಂದ. ಹೇಳಿದ್ದರೆ ತಿಳಿಯುತ್ತಿತ್ತು. ಪಾತ್ರೆ ಮಾರುವವನಿಗೂ ದೇವರು ತಲೆ ಕೊಟ್ಟಿರುತ್ತಾನೆ.

ಈ ಹುಚ್ಚಿಗೆ ಹೈದರಾಬಾದಿನಲ್ಲಿ ಒಬ್ಬ ಗುರು ಇದ್ದರು. ತುಳಜಾರಾಮ ಎಂದು, ಮೂಲತಃ ನಮ್ಮ ಚಿಟಗುಪ್ಪದ ಕಡೆಯವರೇ, ರೈಲ್ವೆ ಗುಮಾಸ್ತರಾಗಿ ನಿವೃತ್ತರಾದವರು. ಟಗರಿನ ಅಸಲಿ ಪ್ಲೇಟು ದೇಶದಲ್ಲಿ ಯಾರ ಯಾರ ಬಳಿ ಇದೆ ಎಂದು ಅವರು ಒಂದು ವಹಿ ಇಟ್ಟಿದ್ದರು. ಅದರಲ್ಲಿ ಒಂಬತ್ತು ಹೆಸರಿದ್ದವು, ಎಲ್ಲ ಬೊಂಬಾಯಿ, ಕಲಕತ್ತಾದ ದೊಡ್ಡವರದು. ಹತ್ತನೆಯ ಹೆಸರು ತನ್ನದಾಗಬೇಕು ಎಂಬುದೇ ಭಾವನ ಜೀವದ ಆಸೆ. ನಗಬೇಡಿ. ಕಂಡಕ್ಟರನಿಗೆ ಹೆಸರಿರುವುದಿಲ್ಲ. ದಿನಕ್ಕೆ ಮುನ್ನೂರು ಜನ ಅವನನ್ನು ‘ಕಂಡಕ್ಟರ್ರೇ’ ಎನ್ನುತ್ತಾರೆ, ಸಿಟ್ಟು ಬಂದರೆ ಅದೂ ಇಲ್ಲ. ಎಲ್ಲೋ ಒಂದು ವಹಿಯಲ್ಲಿ ‘ಏಕನಾಥ, ಹುಮನಾಬಾದ’ ಎಂದು ಬರೆದಿರಬೇಕು ಎಂದು ಅವನಿಗೆ ಅನಿಸಿದ್ದರಲ್ಲಿ ತಪ್ಪೇನಿಲ್ಲ.

ಎಂಬತ್ತಾರರಲ್ಲಿ ಸೋಲಾಪುರದ ಗುಜರಿಯಲ್ಲಿ ಎಂಟನೆಯ ಟಗರು ಸಿಕ್ಕಿತು. ಬರುವಾಗ ಸೀಟಿನ ಮೇಲೆ ಅದನ್ನೇ ಕೂರಿಸಿ, ಅದಕ್ಕೊಂದು ಅರ್ಧ ಟಿಕೆಟ್ ತೆಗೆಸಿದನಂತೆ. ಪಕ್ಕದಲ್ಲಿ ಒಬ್ಬ ಮುದುಕಿ ನಿಂತೇ ಬಂದಳೆಂದು ಅವನೇ ಹೆಮ್ಮೆಯಿಂದ ಹೇಳಿದ. ತುಳಜಾರಾಮರಿಗೆ ಪತ್ರ ಹೋಯಿತು. ಭಾನುವಾರ ಬಂದು ನೋಡುತ್ತೇನೆ, ಅಸಲಿಯಾಗಿದ್ದರೆ ಅಲ್ಲೇ ಹೆಸರು ಬರೆಯುತ್ತೇನೆ, ಆಮೇಲೆ ಬೊಂಬಾಯಿಗೆ ಒಯ್ದು ಉಳಿದವರಿಗೂ ತೋರಿಸಿ ತರುತ್ತೇನೆ ಎಂದು ಅವರು ಉತ್ತರ ಬರೆದರು.

ಭಾವ ಈ ಪತ್ರವನ್ನು ಅಕ್ಕನಿಗೆ ಓದಿ ಹೇಳಿದ. ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು: ಪ್ಲೇಟು ಬೊಂಬಾಯಿಗೆ ಹೋಗುತ್ತದೆ. ಪಕ್ಕದ ಮನೆಯ ಮದುವೆಗೆ ಎರವಲು ಕೊಟ್ಟ ಹಿಟ್ಟು ನಾದುವ ಪರಾತವೇ ಹೆಸರಿಲ್ಲದಿದ್ದರೆ ತಿರುಗಿ ಬರುವುದಿಲ್ಲ, ಇನ್ನು ಬೊಂಬಾಯಿ! ಗುರುವಾರ ಭಾವ ಡ್ಯೂಟಿಗೆ ಹೋದದ್ದೇ ತಡ, ಅಕ್ಕ ಪ್ಲೇಟನ್ನು ತನ್ನ ಮದುವೆ ಸೀರೆಯಲ್ಲಿ ಸುತ್ತಿಕೊಂಡು ಬಸವಕಲ್ಯಾಣದ ಬಸ್ಸು ಹತ್ತಿದಳು.

“ತಮ್ಮಾ, ಇದರ ಮ್ಯಾಲೆ ನಿಮ್ಮ ಭಾವಂದು ಹೆಸರು ಹಾಕು. ಛಂದಾಗಿ ಹಾಕು. ಅವರ ಜೀವ ಇದರಾಗೇ ಅದ.”

ನಾನು ಬೆಳಕಿಗೆ ಹಿಡಿದು ನೋಡಿದೆ. ಹಾಡು ಮುಗಿಯುವಲ್ಲಿ, ನಡುವಿನ ಚೀಟಿಯ ಸುತ್ತ ಒಂದು ನುಣುಪು ಜಾಗ ಇತ್ತು. ಹೆಸರಿಗೆ ಹೇಳಿ ಮಾಡಿಸಿದ ಜಾಗ. ಆದರೆ ಅಲ್ಲಿ ಆಗಲೇ ಯಾರೋ ಸೂಜಿಯಿಂದ ಇಂಗ್ಲಿಷಿನಲ್ಲಿ ಎರಡು ಅಕ್ಷರ, ಒಂದಿಷ್ಟು ಅಂಕಿ ಗೀರಿದ್ದರು. ಥೂ, ಎಂಥ ಕೆಟ್ಟ ಕೈ! ನನ್ನ ಅಂಗಡಿಯಲ್ಲಿ ಹಾಗೆ ಬರೆದಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದೆ. ಹಳೇ ಪಾತ್ರೆ ಬಂದರೆ ಮೊದಲಿನವರ ಹೆಸರು ಅಳಿಸಿ ಹೊಸಬರದು ಹಾಕುವುದು ನಮ್ಮ ಕಸುಬಿನ ಪದ್ಧತಿ. ಪಾಲಿಶ್ ಪೇಪರಿನಿಂದ ಹಗುರಾಗಿ ಉಜ್ಜಿ ಆ ಗೀರೆಲ್ಲ ತೆಗೆದೆ. ಆಮೇಲೆ ಉಸಿರು ಬಿಗಿಹಿಡಿದು ‘ಏಕನಾಥ ಗುಂಡಪ್ಪ, ಹುಮನಾಬಾದ’ ಎಂದು ಬರೆದು ಕೊನೆಗೊಂದು ಹೂವನ್ನೂ ಇಟ್ಟೆ. ಹೂವು ನಾನು ಮನೆಯವರಿಗೆ ಮಾತ್ರ ಹಾಕುವುದು. ಭಾವ ಡ್ಯೂಟಿಯಿಂದ ಬರುವುದರೊಳಗೆ ಅಕ್ಕ ಪ್ಲೇಟನ್ನು ಒಯ್ದು, ರಟ್ಟಿನೊಳಗೆ ಸೇರಿಸಿ ಕಪಾಟಿನಲ್ಲಿಟ್ಟಳು.

ಭಾನುವಾರ ಅಕ್ಕ ನನ್ನನ್ನೂ ಊಟಕ್ಕೆ ಕರೆದಿದ್ದಳು. ತುಳಜಾರಾಮರು ವಹಿ, ಭೂತಗನ್ನಡಿ ತಂದಿದ್ದರು. ರಟ್ಟು ನೋಡಿ “ಬರೋಬ್ಬರಿ ಅದ” ಎಂದರು. ಚೀಟಿಯ ಬಣ್ಣ ನೋಡಿ “ಇದೂ ಬರೋಬ್ಬರಿ” ಎಂದರು. ಭಾವ ಒಗೆದ ಅಂಗಿಯಲ್ಲಿ ಬೆವರುತ್ತಿದ್ದ. ತುಳಜಾರಾಮರು ಪ್ಲೇಟನ್ನು ಕಿಟಕಿಯ ಕಡೆ ವಾಲಿಸಿ, ಭೂತಗನ್ನಡಿ ಹಿಡಿದು, ತುಟಿ ಅಲುಗಿಸುತ್ತ ಓದಿದರು: “ಏ...ಕ...ನಾ...ಥ. ಇದು ಯಾರ ಕೈರಿ?”

“ನಂದೇರಿ,” ಎಂದೆ, ಎದೆಯುಬ್ಬಿಸಿ. “ಮೊದಲ ಯಾರ್ದೋ ಹೆಸರಿತ್ತು. ಅಳಿಸೀನಿ.”

“ಅದು ಹೆಸರಲ್ಲಪ್ಪಾ,” ಎಂದು ತುಳಜಾರಾಮರು ತಲೆಗೆ ಕೈ ಹಚ್ಚಿದರು. “ಕಾರಖಾನ್ಯಾಗ ಮೊದಲನೇ ಅಚ್ಚು ಮಾಡಿದವ ಕೈಯಾರೆ ಗೀರಿದ ಗುರುತು. ಅದನ್ನ ನೋಡೇ ಅಸಲಿ ಯಾವ್ದು, ನಕಲಿ ಯಾವ್ದು ಅಂತ ಹೇಳೋದು. ಈಗ ಇದು ಅಸಲಿ ಇದ್ರೂ ನನಗ ಹಂಗಂತ ಬರಿಯಾಕ ಬರಲ್ಲ.” ಅವರು ವಹಿ ಮುಚ್ಚಿದರು.

ಭಾವ ನನ್ನ ಕಡೆ ನೋಡಲೂ ಇಲ್ಲ. ಅಕ್ಕನ ಮೇಲೆ ಹರಿಹಾಯ್ದ. “ಯಾರು ಹೇಳಿದ್ದರು ನಿನಗ? ಹತ್ತು ವರ್ಷ ಹುಡುಕಿದ್ದು ಮಣ್ಣಾಗ ಹಾಕಿದಿ! ಗುರುತಿಲ್ಲದ್ದು ಮನ್ಯಾಗ ಇದ್ರೆಷ್ಟು, ಬಿಟ್ರೆಷ್ಟು? ನಕಲಿಗೆ ಸಮ!”

ಅಕ್ಕ ಚಹದ ಕಪ್ಪುಗಳನ್ನು ಕೆಳಗಿಟ್ಟಳು.

“ಗುರುತಿಲ್ಲದ್ದೆಲ್ಲಾ ನಕಲಿ ಏನ್ರಿ? ಈ ಮನಿಗಿ ಬಂದು ಹನ್ನೆರಡು ವರ್ಷ ಆತು. ತವರಿಂದ ತಂದ ಭಾಂಡಿ ಮ್ಯಾಲೂ ನಿಮ್ಮ ಹೆಸರೇ ಅದ. ಒಂದು ಚಮಚಾ ಮ್ಯಾಲೂ ನನ್ನ ಹೆಸರಿಲ್ಲ. ನಾನೂ ನಕಲಿ ಏನು?”

 ಆ ಪಾತ್ರೆಗಳಿಗೆಲ್ಲ ಹೆಸರು ಹಾಕಿದ ಕೈ ನನ್ನದೇ ಆದ್ದರಿಂದ ಏಟು ನನಗೂ ಬಿತ್ತು. ತುಳಜಾರಾಮರು ಸಕ್ಕರೆ ಕರಗಿದ ಚಹವನ್ನು ಮತ್ತೆ ಮತ್ತೆ ಕಲಕಿ, ನಾಲ್ಕರ ಬಸ್ಸಿಗೆ ಹೊರಟುಹೋದರು. ಅವರ ವಹಿಯಲ್ಲಿ ಹತ್ತನೆಯ ಹೆಸರು ಪುಣೆಯ ಯಾವನೋ ಡಾಕ್ಟರನದು ಬಂತಂತೆ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಉಂಡರು, ಮಲಗಿದರು. ಜಗಳ ಎದ್ದೇ ಕೂತಿತ್ತು. ಹದಿನೈದು ದಿನ ಹೀಗೆ ನಡೆದ ಮೇಲೆ ಒಂದು ಮಧ್ಯಾಹ್ನ ಭಾವ ನನ್ನ ಅಂಗಡಿಯ ಮೆಟ್ಟಿಲು ಹತ್ತಿದ. ಹೊಡೆಯಲಿಕ್ಕೇ ಬಂದ ಎಂದುಕೊಂಡು ನಾನು ಪರಾತಗಳ ಹಿಂದೆ ಸರಿದೆ. ಅವನು ಚೀಲದಿಂದ ತಾಮ್ರದ ಕೊಡ ತೆಗೆದು ನನ್ನ ಮುಂದಿಟ್ಟ. ಅಕ್ಕನ ಮದುವೆಗೆ ನಾವು ಕೊಟ್ಟದ್ದು. ಕಂಠದ ಕೆಳಗೆ ನಾನು ಕುಟ್ಟಿದ ಅವನ ಹೆಸರು.

“ಇದನ್ನ ಅಳಿಸು. ಅಕೀದು ಹಾಕು.”

ಕಸುಬಿನ ಬುದ್ಧಿ ಎಲ್ಲಿ ಹೋಗುತ್ತದೆ! “ಭಾವಾ, ಉಳಿಯಿಂದ ಹೊಡದದ್ದು ಅದ. ಅಳಿಸಿದ್ರ ಕೊಡ ಸವೀತದರಿ. ಬಾಜೂಕ ಹಾಕ್ಲೇನು?” ಎಂದೆ.

“ನನ್ನ ಪ್ಲೇಟಿನ ಗುರುತು ಅಳಿಸಾಗ ಇಷ್ಟು ಕೇಳಿದ್ದೇನು? ಈಗ ಯಾಕ ಕೇಳ್ತಿ?”

ಬಾಯಿ ಮುಚ್ಚಿಕೊಂಡು ಅಳಿಸಿದೆ. ಮಷೀನು ಹಚ್ಚಿ ‘ಗಿ’ ಬರೆಯಲು ಹೋದರೆ ಕೈ ನಿಂತಿತು. ತಾಲೂಕಿನ ಅರ್ಧ ಗಂಡಸರ ಹೆಸರು ಬರೆದಿದ್ದೇನೆ, ಸ್ವಂತ ಅಕ್ಕನ ಹೆಸರು ಅವತ್ತಿನ ತನಕ ಒಮ್ಮೆಯೂ ಬರೆದಿರಲಿಲ್ಲ. ಹೇಗೋ ಮುಗಿಸಿ, ಅಂಗಡಿಗೆ ಬೀಗ ಹಾಕಿ, ಭಾವನ ಜೊತೆ ನಾನೂ ಹುಮನಾಬಾದಿಗೆ ಹೋದೆ.

ಅಕ್ಕ ಕೊಡವನ್ನು ಬಾಗಿಲ ಬೆಳಕಿಗೆ ತಿರುಗಿಸಿ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಆಮೇಲೆ ನನ್ನನ್ನು ನೋಡಿದಳು.

“ಅಕ್ಷರ ಸೊಟ್ಟ ಆಗ್ಯಾವಲ್ಲೋ ತಮ್ಮಾ.”

“ಮಷೀನು ಜರಾ ಕೆಟ್ಟದ ಅಕ್ಕಾ,” ಎಂದೆ. ಮಷೀನು ಚೆನ್ನಾಗಿಯೇ ಇತ್ತು. ಬರೆಯುವಾಗ ನನಗೇ ಕಣ್ಣು ತುಂಬಿ ಏನೂ ಕಂಡಿರಲಿಲ್ಲ.